ಶಾರ್ ಅಜ್ನಬಲ್: ಮಾತು ಸರಿ ಇತ್ತು, ಬಂಡೆ ಬಿದ್ದಿದ್ದು ಯಾರ ಮೇಲೆ?

ಎಂಜಿನಿಯರಿಂಗ್ ಓದುವಾಗ ಎರಡು ವರ್ಷ ನನ್ನ ಲ್ಯಾಪ್‌ಟಾಪ್‌ನ ವಾಲ್‌ಪೇಪರ್‌ನಲ್ಲಿ ಇದ್ದವನು ಒಬ್ಬ ನರಹಂತಕ. ಕೆಂಪು ಸಮವಸ್ತ್ರ, ತಲೆಗೆ ಹೆಲ್ಮೆಟ್ಟು, ಕಣ್ಣು ಮುಚ್ಚುವ ಮುಖವಾಡ, ತುಟಿಯಂಚಲ್ಲಿ ಸಣ್ಣ ನಗು. ಹಾಸ್ಟೆಲ್ ಲ್ಯಾನ್‌ನಲ್ಲಿ ಯಾರೋ ಶೇರ್ ಮಾಡಿದ್ದ ಫೋಲ್ಡರ್‌ನಿಂದ ಕಾಪಿ ಮಾಡಿಕೊಂಡು, ಇಂಟರ್ನಲ್ಸ್ ಹಿಂದಿನ ರಾತ್ರಿ ಕೂಡ ಬಿಡದೆ ನೋಡಿದ ಸರಣಿಯ ಪಾತ್ರ ಅವನು. ಪಕ್ಕದ ರೂಮಿನ ಗೆಳೆಯ ಒಮ್ಮೆ ಕೇಳಿದ, "ಇವ್ನು ಹೀರೋನಾ, ವಿಲನ್ನಾ?" ನಾನು ತಕ್ಷಣ ಹೇಳಿದ್ದೆ, "ಅವ್ನು ಹೇಳೋದ್ರಲ್ಲಿ ತಪ್ಪೇನಿದೆ ಮಗಾ?"

ಆಮೇಲೆ ಎಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದೆ. ಭಾಷಣಗಳನ್ನು ಕೇಳುವುದೇ ಕೆಲಸವಾಯಿತು. ಆಗ ಆ ಉತ್ತರ ಚುಚ್ಚೋಕೆ ಶುರುವಾಯಿತು. ಯಾಕಂದ್ರೆ ಅವನು ಹೇಳಿದ್ದರಲ್ಲಿ ನಿಜಕ್ಕೂ ಹೆಚ್ಚು ತಪ್ಪಿರಲಿಲ್ಲ. ಸಮಸ್ಯೆ ಬೇರೆ ಕಡೆ ಇತ್ತು.

ಅವನ ಹೆಸರು ಶಾರ್ ಅಜ್ನಬಲ್. ಇಂಗ್ಲಿಷ್ ಸ್ಪೆಲಿಂಗ್ ನೋಡಿ 'ಚಾರ್' ಅಂತ ಓದಬೇಡಿ, ಉಚ್ಚಾರ 'ಶಾರ್'. ಫ್ರಾನ್ಸ್‌ನ ಗಾಯಕ ಶಾರ್ಲ್ ಅಜ್ನಾವೂರ್ ಹೆಸರಿನಿಂದ ಬಂದಿದ್ದು. ಜಪಾನಿನ 'ಮೊಬೈಲ್ ಸೂಟ್ ಗಂಡಮ್' ಅನಿಮೇಷನ್ ಸರಣಿಯಲ್ಲಿ 1979ರಲ್ಲಿ ಮೊದಲು ಕಾಣಿಸಿಕೊಂಡ ಈ ಖಳನಾಯಕ, ನಾಲ್ಕೂವರೆ ದಶಕದಲ್ಲಿ ಹೊಸ ಹೊಸ ಹೆಸರು, ಹೊಸ ಹೊಸ ಮುಖವಾಡ ಹಾಕಿಕೊಂಡು ಮತ್ತೆ ಮತ್ತೆ ಬಂದಿದ್ದಾನೆ. ಸರಣಿಯನ್ನು ನೋಡಿಲ್ಲದವರಿಗೆ ಅವನು ಯಾರು, ಯಾವ ಆವೃತ್ತಿಯಲ್ಲಿ ಏನು ಮಾಡಿದ, ಯಾಕೆ ಇವತ್ತಿಗೂ ಚರ್ಚೆಯಲ್ಲಿದ್ದಾನೆ ಅನ್ನೋದನ್ನ ಒಂದೇ ಕಡೆ ಸಿಗುವ ಹಾಗೆ ಬರೆಯುವ ಪ್ರಯತ್ನ ಇದು. ಕಥೆಯ ಗುಟ್ಟುಗಳೆಲ್ಲ ರಟ್ಟಾಗುತ್ತವೆ, ಮೊದಲೇ ಹೇಳಿಬಿಡ್ತೀನಿ.

ಹಿನ್ನೆಲೆ: ಆಕಾಶದಲ್ಲಿನ ವಸಾಹತುಗಳು

ಗಂಡಮ್‌ಗಿಂತ ಮುಂಚೆ ಜಪಾನಿನ ಟಿವಿಯಲ್ಲಿ ರೋಬೋ ಅಂದರೆ ಸೂಪರ್‌ಹೀರೋ. 1972ರಲ್ಲಿ ಶುರುವಾದ 'ಮಜಿಂಗರ್ ಜೆಡ್' ಇದಕ್ಕೆ ಮಾದರಿ. ಒಬ್ಬ ಹುಚ್ಚು ವಿಜ್ಞಾನಿ ವಾರಕ್ಕೊಂದು ರಾಕ್ಷಸ ಯಂತ್ರ ಕಳಿಸ್ತಾನೆ, ಹೀರೋ ಅದನ್ನು ಪುಡಿ ಮಾಡ್ತಾನೆ. ಖಳ ಯಾಕೆ ಖಳ ಅಂತ ಯಾರೂ ಕೇಳುತ್ತಿರಲಿಲ್ಲ.

ನಿರ್ದೇಶಕ ಯೊಶಿಯುಕಿ ತೊಮಿನೊ ಇದನ್ನು ತಿರುಗಿಸಿಬಿಟ್ಟರು. ಅವರ ಕಥೆಯಲ್ಲಿ ರೋಬೋ ಅಂದರೆ ಟ್ಯಾಂಕ್, ಫೈಟರ್ ಜೆಟ್ ಇದ್ದ ಹಾಗೆ: ಕಾರ್ಖಾನೆಯಲ್ಲಿ ತಯಾರಾಗುವ, ಕೆಟ್ಟುಹೋಗುವ, ಮದ್ದುಗುಂಡು ಖಾಲಿಯಾಗುವ ಯುದ್ಧಯಂತ್ರ. ಎರಡೂ ಕಡೆ ಮನುಷ್ಯರೇ. ಪಾತ್ರಗಳ ರೂಪ ಬಿಡಿಸಿದವರು ಯೊಶಿಕಾಜು ಯಾಸುಹಿಕೊ. ಇವರು 1960ರ ದಶಕದ ಕೊನೆಯ ಜಪಾನಿನ ವಿದ್ಯಾರ್ಥಿ ಚಳವಳಿಯಲ್ಲಿದ್ದವರು, ಅದೇ ಕಾರಣಕ್ಕೆ ಹಿರೊಸಾಕಿ ವಿಶ್ವವಿದ್ಯಾಲಯದಿಂದ ಹೊರಬಿದ್ದವರು. ಚಳವಳಿಗಳು ಹೇಗೆ ಹುಟ್ಟುತ್ತವೆ, ಹೇಗೆ ಹಳ್ಳ ಹಿಡಿಯುತ್ತವೆ ಅನ್ನೋದನ್ನ ಹತ್ತಿರದಿಂದ ಕಂಡವರೊಬ್ಬರು ಈ ತಂಡದಲ್ಲಿದ್ದರು ಅನ್ನೋದು ನೆನಪಿರಲಿ.

ಕಥೆಯ ಕಾಲ 'ಯೂನಿವರ್ಸಲ್ ಸೆಂಚುರಿ' ಎಂಬ ಕಾಲ್ಪನಿಕ ಶಕೆ. ಭೂಮಿಯಲ್ಲಿ ಜನ ಜಾಸ್ತಿಯಾಗಿ, ಕೋಟ್ಯಂತರ ಜನರನ್ನು ಬಾಹ್ಯಾಕಾಶದ ದೈತ್ಯ ಸಿಲಿಂಡರ್‌ಗಳಿಗೆ ಕಳಿಸಲಾಗಿದೆ. ಈ ಕಲ್ಪನೆ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದ ಭೌತವಿಜ್ಞಾನಿ ಜೆರಾರ್ಡ್ ಓ'ನೀಲ್ 1970ರ ದಶಕದಲ್ಲಿ ಸುಮಾರು 6.4 ಕಿಲೋಮೀಟರ್ ವ್ಯಾಸ, 32 ಕಿಲೋಮೀಟರ್ ಉದ್ದದ ತಿರುಗುವ ಸಿಲಿಂಡರ್ ಕಟ್ಟಬಹುದು, ತಿರುಗುವಿಕೆಯಿಂದಲೇ ಒಳಗಿನವರಿಗೆ ಗುರುತ್ವದ ಅನುಭವ ಕೊಡಬಹುದು ಅಂತ ಪ್ರತಿಪಾದಿಸಿದ್ದರು. ಗಂಡಮ್‌ನ ವಸಾಹತುಗಳು ಅದೇ ನಕ್ಷೆಯವು.

ಆದರೆ ಆಡಳಿತ ಮಾತ್ರ ಭೂಮಿಯಲ್ಲೇ. 'ಭೂ ಒಕ್ಕೂಟ'ದ ಸರ್ಕಾರ ಅಲ್ಲಿ, ಗಣ್ಯರು ಅಲ್ಲಿ, ತೀರ್ಮಾನ ಎಲ್ಲ ಅಲ್ಲಿ. ಮೇಲಿರುವವರಿಗೆ ಉಸಿರಾಡುವ ಗಾಳಿಯೂ ಯಂತ್ರದಿಂದಲೇ ಬರಬೇಕು, ಆದರೆ ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು ಅವರಿಗಿಲ್ಲ. ಈ ಅಸಮಾಧಾನಕ್ಕೆ ದನಿ ಕೊಟ್ಟವನು ಜಿಯಾನ್ ಜುಮ್ ಡೈಕುನ್ ಎಂಬ ಚಿಂತಕ. ವಸಾಹತುಗಳಿಗೆ ಸ್ವಯಮಾಡಳಿತ ಬೇಕು, ದಣಿದ ಭೂಮಿಯನ್ನು ಅದರ ಪಾಡಿಗೆ ಬಿಟ್ಟು ಮನುಷ್ಯರೆಲ್ಲ ಆಕಾಶಕ್ಕೆ ಹೋಗಬೇಕು, ಅಲ್ಲಿ ಬದುಕುತ್ತಾ ಮನುಷ್ಯ ಒಬ್ಬರನ್ನೊಬ್ಬರು ಮಾತಿಲ್ಲದೆ ಅರಿಯುವ 'ನ್ಯೂಟೈಪ್' ಆಗಿ ಬೆಳೆಯುತ್ತಾನೆ. ಇದು ಅವನ ವಾದ.

ಡೈಕುನ್ ಇದ್ದಕ್ಕಿದ್ದಂತೆ ಸಾಯುತ್ತಾನೆ. ಒಡನಾಡಿಯಾಗಿದ್ದ ದೆಗ್ವಿನ್ ಜಾಬಿ ಅಧಿಕಾರ ಹಿಡಿಯುತ್ತಾನೆ, ಗಣರಾಜ್ಯ ಹೋಗಿ ರಾಜಮನೆತನ ಬರುತ್ತದೆ. ದೇಶಕ್ಕೆ ಮಾತ್ರ ಸತ್ತವನ ಹೆಸರೇ: ಜಿಯಾನ್. ಒಬ್ಬ ಚಿಂತಕನ ಫೋಟೊಗೆ ಹಾರ ಹಾಕಿ, ಅವನ ಮಾತನ್ನು ಪೂರ್ತಿ ಉಲ್ಟಾ ಮಾಡುವ ರಾಜಕಾರಣ ಇದು. ಡೈಕುನ್‌ಗೆ ಇಬ್ಬರು ಮಕ್ಕಳು. ಮಗ ಕಾಸ್ವಾಲ್, ಮಗಳು ಆರ್ಟೇಸಿಯಾ. ಅಪ್ಪನನ್ನು ಕೊಂದವರು ಜಾಬಿಗಳೇ ಅಂತ ಕೇಳಿಕೊಂಡೇ ಬೆಳೆದ, ತಲೆಮರೆಸಿಕೊಂಡು ಬದುಕಿದ ಆ ಹುಡುಗನೇ ನಮ್ಮ ಶಾರ್.

1979: ಕೆಂಪು ಧೂಮಕೇತು

ಮೊದಲ ಸರಣಿ 1979ರ ಏಪ್ರಿಲ್ 7ರಿಂದ 1980ರ ಜನವರಿ 26ರವರೆಗೆ ಪ್ರಸಾರವಾಯಿತು. 52 ಕಂತು ಅಂದುಕೊಂಡಿದ್ದು 43ಕ್ಕೇ ಮುಗಿಯಿತು. ನೋಡುವವರು ಕಡಿಮೆ, ಪ್ರಾಯೋಜಕ ಕಂಪನಿಯ ಆಟಿಕೆಗಳೂ ಮಾರಾಟವಾಗಲಿಲ್ಲ. ಮರುಪ್ರಸಾರ, 1980ರಲ್ಲಿ ಬಂದ ಬಂಡಾಯ್‌ನ ಪ್ಲಾಸ್ಟಿಕ್ ಮಾಡೆಲ್‌ಗಳು, 1981–82ರ ಮೂರು ಸಿನಿಮಾಗಳು ಸೇರಿ ಆಮೇಲೆ ಅದನ್ನು ದೊಡ್ಡ ವಿದ್ಯಮಾನ ಮಾಡಿದವು.

ಕಥೆ ಶುರುವಾಗುವ ಹೊತ್ತಿಗೆ ಯುದ್ಧ ನಡೆದು ತಿಂಗಳುಗಳಾಗಿವೆ. ಸ್ವಾತಂತ್ರ್ಯದ ಹೆಸರಲ್ಲಿ ಯುದ್ಧ ಸಾರಿದ ಜಿಯಾನ್, ಒಂದು ಇಡೀ ವಸಾಹತನ್ನೇ ಭೂಮಿಯ ಮೇಲೆ ಬೀಳಿಸಿದೆ. ಆಸ್ಟ್ರೇಲಿಯಾದ ಸಿಡ್ನಿ ನಾಮಾವಶೇಷ. ಮನುಕುಲದ ಅರ್ಧದಷ್ಟು ಸತ್ತಿದೆ ಅಂತ ಪೀಠಿಕೆಯಲ್ಲೇ ಹೇಳಲಾಗುತ್ತದೆ. ಎಂಜಿನಿಯರ್ ಕಣ್ಣಲ್ಲಿ ನೋಡಿದರೆ ಇದು ಭಯ ಹುಟ್ಟಿಸುವಷ್ಟು ಸರಳ. ಮೇಲಿಂದ ಬೀಳಿಸುವುದಕ್ಕೆ ಬಾಂಬ್ ಬೇಕಿಲ್ಲ, ದ್ರವ್ಯರಾಶಿ ಮತ್ತು ವೇಗ ಸಾಕು. ಈ ಸರಣಿಯಲ್ಲಿ 'ಬೀಳಿಸುವುದು' ಅನ್ನೋ ಕ್ರಿಯೆ ಮತ್ತೆ ಮತ್ತೆ ಬರುತ್ತದೆ.

ಶಾರ್ ಇದೇ ಜಿಯಾನ್ ಸೇನೆಯ ಅಧಿಕಾರಿ. ಲೂಮ್ ಎಂಬಲ್ಲಿನ ಕದನದಲ್ಲಿ ಐದು ಯುದ್ಧನೌಕೆ ಮುಳುಗಿಸಿ 'ಕೆಂಪು ಧೂಮಕೇತು' ಅಂತ ಬಿರುದು ಪಡೆದವನು. ಅವನ ಕೆಂಪು ಜಾಕು ಯಂತ್ರ ಬೇರೆಯವಕ್ಕಿಂತ ಮೂರು ಪಟ್ಟು ವೇಗ ಅನ್ನೋದು ಜಪಾನಿನಲ್ಲಿ ಗಾದೆಯಂತಾಗಿದೆ. ತಮಾಷೆ ಏನಂದ್ರೆ, ಸ್ಪೆಸಿಫಿಕೇಶನ್ ಪ್ರಕಾರ ಆ ಯಂತ್ರದ ಶಕ್ತಿ ಸಾಮಾನ್ಯ ಜಾಕುಗಿಂತ ಸುಮಾರು ಶೇ. 30ರಷ್ಟು ಮಾತ್ರ ಹೆಚ್ಚು. ಉಳಿದಿದ್ದು ಅವನ ಕೈಚಳಕ, ಮತ್ತು ಎದುರಾಳಿಯ ಎದೆಯೊಳಗಿನ ಭಯ. ಅವನು ಕಟ್ಟಿಕೊಂಡ ಬ್ರ್ಯಾಂಡ್ ಅದು. ಕೆಂಪು ಬಣ್ಣ ಕಂಡ ಕೂಡಲೇ ಎದುರಿನವರ ಲೆಕ್ಕ ತಪ್ಪುತ್ತದೆ.

ಹಾಗಾದರೆ ಅಪ್ಪನನ್ನು ಕೊಂದವರ ಸೇನೆಯಲ್ಲಿ ಅವನಿಗೇನು ಕೆಲಸ? ಸೇಡು. ಹತ್ತನೇ ಕಂತಿನಲ್ಲಿ ಜಾಬಿ ಮನೆತನದ ಕಿರಿಯ ಮಗ, ತನ್ನ ಸಹಪಾಠಿ, ತನ್ನನ್ನು ಸ್ನೇಹಿತ ಅಂತ ನಂಬಿದ್ದ ಗಾರ್ಮಾನನ್ನು ಶತ್ರುವಿನ ಬಂದೂಕಿನ ಬಾಯಿಗೆ ನಡೆಸಿ, ಸಾಯುವ ಘಳಿಗೆಯಲ್ಲಿ ರೇಡಿಯೊದಲ್ಲಿ ನಗುತ್ತಾನೆ. ನಿನ್ನ ತಪ್ಪಲ್ಲ, ನೀನು ಹುಟ್ಟಿದ ಮನೆಯ ತಪ್ಪು ಅನ್ನುವ ಅರ್ಥದ ಮಾತಾಡುತ್ತಾನೆ.

ಮುಂದೆ ಆಗಿದ್ದನ್ನು ಗಮನಿಸಿ. ಹನ್ನೆರಡನೇ ಕಂತಿನಲ್ಲಿ ಗಾರ್ಮಾನ ಸಾವನ್ನು ಅವನ ಅಣ್ಣ ಗಿರೆನ್ ಜಾಬಿ ಬೃಹತ್ ಸಭೆಯಲ್ಲಿ ಬಳಸಿಕೊಳ್ಳುತ್ತಾನೆ. ಹುತಾತ್ಮನ ದೊಡ್ಡ ಚಿತ್ರ, ಸೇಡಿನ ಕರೆ, ನೆರೆದವರ ಘೋಷಣೆ. ಈ ಗಿರೆನ್‌ನನ್ನು ಸ್ವಂತ ಅಪ್ಪನೇ ಮುಂದೆ ಹಿಟ್ಲರ್‌ಗೆ ಹೋಲಿಸುತ್ತಾನೆ. ಯಾವ ಮನೆತನವನ್ನು ಉರುಳಿಸಬೇಕು ಅಂತ ಶಾರ್ ಕೊಂದನೋ, ಅದೇ ಕೊಲೆ ಆ ಮನೆತನಕ್ಕೆ ಯುದ್ಧ ಮುಂದುವರಿಸಲು ಬೇಕಿದ್ದ ಹೆಣ ಒದಗಿಸಿಕೊಟ್ಟಿತು. ಶಾರ್ ಆ ಭಾಷಣವನ್ನು ಬಾರಿನಲ್ಲಿ ಕುಡಿಯುತ್ತಾ ಕೇಳುತ್ತಾನೆ, ಸತ್ತವನ ಬಗ್ಗೆ ಒಂದು ವ್ಯಂಗ್ಯದ ಸಾಲು ಹೇಳಿ ಸುಮ್ಮನಾಗುತ್ತಾನೆ. ಅಭಿಮಾನಿಗಳಿಗೆ ಆ ಸಾಲು ಬಾಯಿಪಾಠ. ಸಭೆಯಲ್ಲಿ ಕೂಗುತ್ತಿದ್ದ ಸಾಮಾನ್ಯ ಜನರ ಮಕ್ಕಳು ನಾಳೆ ಎಲ್ಲಿ ಸಾಯುತ್ತಾರೆ ಅನ್ನೋದು ಅವನ ಲೆಕ್ಕದಲ್ಲೇ ಇಲ್ಲ.

ಅವನ ತಂಗಿ ಸೈಲಾ ಎಂಬ ಹೆಸರಿನಲ್ಲಿ ಎದುರು ಪಾಳಯದ ಹಡಗಿನಲ್ಲಿದ್ದಾಳೆ. ಇದೇ ಅಪ್ಪ, ಇದೇ ಬಾಲ್ಯ, ಇದೇ ನೋವು. ಆದರೆ ಅವಳು ಅಣ್ಣನನ್ನು ತಡೆಯಲು ನೋಡುತ್ತಾಳೆ. ನೋವಿನಿಂದ ಒಂದೇ ದಾರಿ ಹೊರಡುವುದಿಲ್ಲ ಅನ್ನೋದಕ್ಕೆ ಕಥೆಗಾರರು ಸೈಲಾಳನ್ನು ಪಕ್ಕದಲ್ಲೇ ಇಟ್ಟಿದ್ದಾರೆ ಅಂತ ನನಗನ್ಸುತ್ತೆ.

ಇನ್ನೊಬ್ಬಳು ಲಾಲಾ ಸುನ್. ಹಣೆಗೆ ಬೊಟ್ಟಿಟ್ಟ, ಭಾರತದ ಮೂಲದವಳಂತೆ ಚಿತ್ರಿಸಿರುವ ಹುಡುಗಿ. ನ್ಯೂಟೈಪ್ ಶಕ್ತಿ ಇರುವ ಇವಳನ್ನು ಶಾರ್ ಕಾಪಾಡಿ ಕರೆತರುತ್ತಾನೆ, ಪ್ರೀತಿಸುತ್ತಾನೆ, ಕೊನೆಗೆ ಯುದ್ಧಯಂತ್ರದಲ್ಲಿ ಕೂರಿಸುತ್ತಾನೆ. ಗಂಡಮ್ ನಡೆಸುವ ಹುಡುಗ ಆಮುರೋ ರೇ ಶಾರ್‌ನತ್ತ ನುಗ್ಗಿದಾಗ ಅಡ್ಡ ಬಂದು ಸಾಯುತ್ತಾಳೆ. ಈ ಸಾವನ್ನು ಇಬ್ಬರೂ ಮರೆಯುವುದಿಲ್ಲ. ಕೊನೆಯ ಕಂತಿನಲ್ಲಿ ಸೋಲುತ್ತಿರುವ ಕೋಟೆಯಿಂದ ಪಾರಾಗುತ್ತಿದ್ದ ಕಿಸಿಲಿಯಾ ಜಾಬಿಯನ್ನು ಶಾರ್ ಬಜೂಕಾದಿಂದ ಕೊಲ್ಲುತ್ತಾನೆ. ಅವನ ಸೇಡು ಅಲ್ಲಿಗೆ ತೀರಿತು ಅಂತ ನಾವು ಅಂದುಕೊಳ್ಳುತ್ತೇವೆ.

1985: ನಾಲ್ಕನೇ ಹೆಸರು

'ಜೀಟಾ ಗಂಡಮ್' (1985–86, 50 ಕಂತು) ಕಥೆ ಏಳೆಂಟು ವರ್ಷ ಮುಂದಕ್ಕೆ ಹೋಗುತ್ತದೆ. ಗೆದ್ದ ಭೂ ಒಕ್ಕೂಟ ಪಾಠ ಕಲಿತಿಲ್ಲ. ಜಿಯಾನ್ ಬೆಂಬಲಿಗರನ್ನು ಹುಡುಕುವ ನೆಪದಲ್ಲಿ 'ಟೈಟನ್ಸ್' ಎಂಬ ವಿಶೇಷ ಪಡೆ ಕಟ್ಟಿದೆ. ಪ್ರತಿಭಟನೆ ನಡೆದ ಒಂದು ವಸಾಹತಿಗೆ ಟೈಟನ್ಸ್ ವಿಷಾನಿಲ ಬಿಟ್ಟು 1.5 ಕೋಟಿ ಜನರನ್ನು ಕೊಂದಿದೆ, ಸುದ್ದಿ ಹೊರಬರದಂತೆ ನೋಡಿಕೊಂಡಿದೆ.

ಶಾರ್ ಈಗ ಟೈಟನ್ಸ್ ವಿರುದ್ಧದ ಬಂಡಾಯದಲ್ಲಿದ್ದಾನೆ. ಮುಖವಾಡದ ಬದಲು ಕಪ್ಪು ಕನ್ನಡಕ. ಕೆಂಪು ಯಂತ್ರದ ಬದಲು ಬಂಗಾರದ ಬಣ್ಣದ್ದು. ಹೆಸರು ಕ್ವಾಟ್ರೋ ಬಜೀನಾ. 'ಕ್ವಾಟ್ರೋ' ಅಂದರೆ ಇಟಾಲಿಯನ್‌ನಲ್ಲಿ ನಾಲ್ಕು. ಕಾಸ್ವಾಲ್, ಎದುವಾರ್, ಶಾರ್ ಆದಮೇಲೆ ಇದು ನಿಜಕ್ಕೂ ಅವನ ನಾಲ್ಕನೇ ಹೆಸರು. ಹುಡುಗ ಕಮಿಲ್‌ಗೆ ಅವನು ಹಿರಿಯ, ಮಾರ್ಗದರ್ಶಿ. ಆದರೆ ನಾಯಕತ್ವ ತಗೋ ಅಂದರೆ ಹಿಂಜರಿಯುತ್ತಾನೆ. ನಾನು ಬರೀ ಕ್ವಾಟ್ರೋ ಅಂತ ಜಾರಿಕೊಳ್ಳುವಾಗ ಕಮಿಲ್ ಅವನ ಮುಖಕ್ಕೆ ಗುದ್ದುತ್ತಾನೆ.

37ನೇ ಕಂತು ಈ ಇಡೀ ಕಥೆಯ ತಿರುವು. ಆಫ್ರಿಕಾದ ಡಕಾರ್‌ನಲ್ಲಿ ಒಕ್ಕೂಟದ ಸಂಸತ್ತು ನಡೆಯುತ್ತಿರುವಾಗ ಬಂಡಾಯಗಾರರು ಸಭಾಂಗಣ ಮತ್ತು ಪ್ರಸಾರವನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ. ಶಾರ್ ವೇದಿಕೆ ಏರಿ ತಾನು ಯಾರು ಅಂತ ಬಹಿರಂಗವಾಗಿ ಹೇಳುತ್ತಾನೆ. ಟೈಟನ್ಸ್ ಮಾಡಿದ್ದನ್ನು ಬಯಲಿಗಿಡುತ್ತಾನೆ. ಭೂಮಿ ದಣಿದಿದೆ, ಅದನ್ನು ಹಿಂಡುವುದು ನಿಲ್ಲಬೇಕು, ಮನುಷ್ಯರು ಆಕಾಶಕ್ಕೆ ಹೋಗಬೇಕು ಅಂತ ವಾದಿಸುತ್ತಾನೆ. ಜನ ಕೇಳುತ್ತಾರೆ. ಅಭಿಪ್ರಾಯ ಟೈಟನ್ಸ್ ವಿರುದ್ಧ ತಿರುಗುತ್ತದೆ. ಒಂದು ಭಾಷಣ, ಸಾಕ್ಷ್ಯ, ನೇರಪ್ರಸಾರ ಇಷ್ಟರಲ್ಲೇ ಅವನು ಗಳಿಸಿದ್ದು ಸಾವಿರ ಯಂತ್ರ ಉಡಾಯಿಸಿದರೂ ಸಿಗುತ್ತಿರಲಿಲ್ಲ.

ನಾನು ವಾಲ್‌ಪೇಪರ್ ಹಾಕಿಕೊಂಡಿದ್ದು ಈ ಕಂತು ನೋಡಿದ ವಾರ.

1988: ಅದೇ ವಾದ, ಈಗ ಬಂಡೆ

ಮೂರು ವರ್ಷದ ನಂತರ, 1988ರ ಮಾರ್ಚ್‌ನಲ್ಲಿ 'ಶಾರ್‌ನ ಪ್ರತಿದಾಳಿ' ಸಿನಿಮಾ ಬಂತು. ಕಥೆಯ ಕಾಲ ಯು.ಸಿ. 0093, ಅಂದರೆ ಡಕಾರ್ ಭಾಷಣದ ಆರು ವರ್ಷದ ನಂತರ. ಕನ್ನಡಕವೂ ಇಲ್ಲ, ಮುಖವಾಡವೂ ಇಲ್ಲ. ಶಾರ್ ಈಗ ನಿಯೋ ಜಿಯಾನ್‌ನ ಮುಖ್ಯಸ್ಥ. ನಿರಾಶ್ರಿತರೇ ತುಂಬಿರುವ ವಸಾಹತಿನ ರೈಲಿನಲ್ಲಿ ಅವನು ಜನರ ನಡುವೆ ಕೂತು ಪ್ರಯಾಣ ಮಾಡುವ ದೃಶ್ಯ ಇದೆ. ಜನರಿಗೆ ಅವನ ಮೇಲೆ ಪ್ರೀತಿ ಇದೆ, ನಂಬಿಕೆ ಇದೆ. ಯಾಕೆ ಇರಬಾರದು? ಅವರ ದೂರು ಕೇಳಿಸಿಕೊಂಡ ಇನ್ನೊಬ್ಬ ನಾಯಕ ಅವರಿಗೆ ಕಂಡಿಲ್ಲ.

ಸಿನಿಮಾ ಶುರುವಾಗುವಾಗಲೇ ಅವನು ಫಿಫ್ತ್ ಲೂನಾ ಎಂಬ ಕ್ಷುದ್ರಗ್ರಹವನ್ನು ಒಕ್ಕೂಟದ ಕೇಂದ್ರವಿರುವ ಟಿಬೆಟಿನ ಲಾಸಾ ಮೇಲೆ ಬೀಳಿಸುತ್ತಿದ್ದಾನೆ. ಬೀಳಿಸುತ್ತಾನೆ ಕೂಡ. ಅದಾದಮೇಲೆ ಆಕ್ಸಿಸ್ ಎಂಬ ಇನ್ನೂ ದೊಡ್ಡ ಬಂಡೆ. ಉದ್ದೇಶ: ಭೂಮಿ ತಣ್ಣಗಾಗಿ ವಾಸಯೋಗ್ಯ ಅಲ್ಲದಂತಾಗಬೇಕು, ಆಗ ಉಳಿದವರು ಬಾಹ್ಯಾಕಾಶಕ್ಕೆ ಬರಲೇಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಡಕಾರ್‌ನ ವಾದ ಏನಿತ್ತು? ಭೂಮಿಗೆ ವಿಶ್ರಾಂತಿ ಬೇಕು, ಜನ ಮೇಲೆ ಹೋಗಬೇಕು. ಈಗಿನದು? ಅದೇ. ಆರು ವರ್ಷದಲ್ಲಿ ಅವನ ಸಿದ್ಧಾಂತ ಹೆಚ್ಚುಕಡಿಮೆ ಒಂದಿಂಚೂ ಬದಲಾಗಿಲ್ಲ. ಬದಲಾಗಿದ್ದು ತಾಳ್ಮೆ. ಜನ ಒಪ್ಪುವವರೆಗೆ ಕಾಯುವ ತಾಳ್ಮೆ. ಕೊನೆಯ ಜಗಳದಲ್ಲಿ ಅವನು ಆಮುರೋಗೆ ಹಾಕುವ ಸವಾಲಿನ ತಿರುಳೂ ಇದೇ: ಹಾಗಾದರೆ ಈ ದಡ್ಡ ಜನರಿಗೆಲ್ಲ ಈಗಿಂದೀಗಲೇ ಬುದ್ಧಿ ಕೊಟ್ಟು ತೋರಿಸು. ಜನರ ವಿಮೋಚನೆಗೆ ಅಂತ ಹೊರಟವನು ಜನರನ್ನೇ ದಡ್ಡರ ಗುಂಪು ಅಂತ ಕರೆಯುವಲ್ಲಿಗೆ ಬಂದು ನಿಂತಿದ್ದಾನೆ.

ಎದುರಿನ ಸರ್ಕಾರ ಒಳ್ಳೆಯದು ಅಂತ ಸಿನಿಮಾ ಎಲ್ಲೂ ಹೇಳುವುದಿಲ್ಲ. ನಿಯೋ ಜಿಯಾನ್ ಶಸ್ತ್ರ ಬಿಡುತ್ತದೆ ಎಂಬ ಸುಳ್ಳು ಒಪ್ಪಂದಕ್ಕೆ ಸಹಿ ಹಾಕಿ, ಬಂಗಾರ ಎಣಿಸಿಕೊಂಡು, ಆಕ್ಸಿಸ್ ಬಂಡೆಯನ್ನು ಶಾರ್‌ಗೆ ಮಾರುವವರು ಒಕ್ಕೂಟದ ಅಧಿಕಾರಿಗಳೇ. ತಮ್ಮ ತಲೆ ಮೇಲೆ ಬೀಳುವ ಕಲ್ಲನ್ನು ತಾವೇ ಮಾರುತ್ತಾರೆ. ಆಮುರೋ ಇಂಥ ಸರ್ಕಾರದ ಪರವಾಗಿ ಹೋರಾಡಬೇಕಾಗಿದೆ, ಅವನಿಗೂ ಅದರ ಬಗ್ಗೆ ಭ್ರಮೆ ಇಲ್ಲ. ಅವನ ನಿಲುವು ಇಷ್ಟೇ: ನಾನು ಮನುಷ್ಯರ ಬಗ್ಗೆ ಅಷ್ಟು ಹತಾಶನಾಗಿಲ್ಲ.

ಇನ್ನೊಂದು ವಿವರ ಶಾರ್‌ನ ಪೂರ್ತಿ ಮುಖವಾಡ ಕಳಚುತ್ತದೆ. ಸೈಕೋ ಫ್ರೇಮ್ ಎಂಬ ರಹಸ್ಯ ತಂತ್ರಜ್ಞಾನವನ್ನು ಅವನೇ ಬೇಕೆಂದು ಶತ್ರುವಿಗೆ ಸೋರಿಕೆ ಮಾಡಿದ್ದಾನೆ. ಯಾಕೆ? ದುರ್ಬಲ ಯಂತ್ರದಲ್ಲಿ ಕೂತ ಆಮುರೋನನ್ನು ಸೋಲಿಸಿದರೆ ಅವನಿಗೆ ಸಮಾಧಾನವಿಲ್ಲ. ಭೂಮಿಯ ಭವಿಷ್ಯ, ವಸಾಹತುಗಳ ವಿಮೋಚನೆ ಅನ್ನುವ ಯೋಜನೆಯ ಹೊಟ್ಟೆಯೊಳಗೆ 14 ವರ್ಷ ಹಿಂದೆ ಸತ್ತ ಲಾಲಾಳ ಹೆಸರಲ್ಲಿ ಒಂದು ಖಾಸಗಿ ಜಿದ್ದು ಕೂತಿದೆ. ರೈಲಿನಲ್ಲಿ ಅವನಿಗೆ ಕೈಬೀಸಿದ ನಿರಾಶ್ರಿತರಿಗೆ ಇದು ಗೊತ್ತಿಲ್ಲ. ಕ್ವೆಸ್ ಎಂಬ 13 ವರ್ಷದ ಹುಡುಗಿಗೂ ಗೊತ್ತಿಲ್ಲ. ಅವಳಿಗೆ ಬೇಕಿದ್ದುದು ಅಪ್ಪನಂಥ ಒಬ್ಬ ಹಿರಿಯ. ಅವನು ಅವಳನ್ನೂ ಯುದ್ಧಯಂತ್ರದಲ್ಲಿ ಕೂರಿಸುತ್ತಾನೆ. ಅವಳೂ ಸಾಯುತ್ತಾಳೆ.

ಕೊನೆಯಲ್ಲಿ ಬೀಳುತ್ತಿರುವ ಬಂಡೆಗೆ ಆಮುರೋ ತನ್ನ ಒಂದೇ ಯಂತ್ರ ಆನಿಸಿ ತಳ್ಳುತ್ತಾನೆ. ಹುಚ್ಚುತನ ಅಂತ ಕಾಣುತ್ತದೆ. ಆಗ ಒಕ್ಕೂಟದ ಸೈನಿಕರು ಬಂದು ಸೇರುತ್ತಾರೆ. ಶಾರ್‌ನದೇ ಸೇನೆಯವರೂ ಬಂದು ಸೇರುತ್ತಾರೆ. ದಡ್ಡರು ಅಂತ ಅವನು ತೀರ್ಪು ಕೊಟ್ಟಿದ್ದವರೇ ಅವರು. ಬಂಡೆ ತಿರುಗುತ್ತದೆ. ಶಾರ್, ಆಮುರೋ ಇಬ್ಬರೂ ಆ ಬೆಳಕಿನಲ್ಲಿ ಕಾಣೆಯಾಗುತ್ತಾರೆ.

ಮುಖವಾಡದ ಸಂತತಿ

ಪಾತ್ರ ಕಾಣೆಯಾಯಿತು, ಮುಖವಾಡ ಉಳಿಯಿತು. ಗಂಡಮ್‌ನ ಬೇರೆ ಬೇರೆ ಕಾಲ್ಪನಿಕ ಜಗತ್ತುಗಳಲ್ಲಿ ಬರುವ ಇಂಥವರನ್ನು ಅಭಿಮಾನಿಗಳು 'ಶಾರ್‌ನ ಪಡಿಯಚ್ಚು'ಗಳು ಅಂತಾರೆ. ಮುಖ್ಯವಾದ ಕೆಲವರು:

ಜೆಕ್ಸ್ ಮರ್ಕೀಸ್, 'ಗಂಡಮ್ ವಿಂಗ್' (1995–96). ಶಾಂತಿವಾದಿ ರಾಜಮನೆತನದ ಮಗ, ಮುಖವಾಡದ ಹಿಂದೆ ಅಡಗಿದವನು. ತಂಗಿ ಶಾಂತಿಯ ದಾರಿ ಹಿಡಿದರೆ, ಇವನು ಕೊನೆಗೆ ಲಿಬ್ರಾ ಎಂಬ ಯುದ್ಧನೌಕೆಯನ್ನೇ ಭೂಮಿಗೆ ಬೀಳಿಸಲು ಹೊರಡುತ್ತಾನೆ.

ರಾವ್ ಲೆ ಕ್ರೂಸೆ, 'ಗಂಡಮ್ ಸೀಡ್' (2002–03). ಒಬ್ಬ ಸಿರಿವಂತ ತನಗೆ ತಾನೇ ವಾರಸುದಾರನಾಗಬೇಕು ಅಂತ ಮಾಡಿಸಿಕೊಂಡ ತದ್ರೂಪಿ. ಇವನಿಗೆ ವಿಮೋಚನೆಯ ಸೋಗೂ ಇಲ್ಲ. ಎರಡೂ ಕಡೆಯ ದ್ವೇಷಕ್ಕೆ ಎಣ್ಣೆ ಸುರಿದು ಎಲ್ಲರೂ ಸಾಯಲಿ ಅನ್ನುವವನು.

ಫುಲ್ ಫ್ರಂಟಲ್, 'ಗಂಡಮ್ ಯೂನಿಕಾರ್ನ್' (2010–14). ಇದು ಮೂಲ ಕಥೆಯ ಮುಂದುವರಿಕೆಯೇ, ಶಾರ್ ಕಾಣೆಯಾದ ಮೂರು ವರ್ಷದ ನಂತರದ್ದು. ಕೆಂಪು ಯಂತ್ರ, ಮುಖವಾಡ, ಮೂಲ ಶಾರ್‌ಗೆ ದನಿ ಕೊಟ್ಟ ಶುಇಚಿ ಇಕೆದಾ ಅವರದೇ ದನಿ. ಆದರೆ ಇವನು ಶಾರ್ ಅಲ್ಲ. ಶಾರ್‌ನ ಸ್ಥಾನ ತುಂಬಲು ತಯಾರಿಸಿದ ಕೃತಕ ಮನುಷ್ಯ. ಜನರ ಇಚ್ಛೆಯನ್ನು ತುಂಬಿಕೊಳ್ಳುವ ಖಾಲಿ ಪಾತ್ರೆ ನಾನು ಅನ್ನುವುದು ಇವನ ನಿಲುವು. ಇವನ ಯೋಜನೆಯ ಹೆಸರು 'ಸೈಡ್ ಸಹ-ಸಮೃದ್ಧಿ ವಲಯ'. ಎರಡನೇ ಮಹಾಯುದ್ಧದಲ್ಲಿ ಜಪಾನ್ ತನ್ನ ಆಕ್ರಮಣಕ್ಕೆ ಕೊಟ್ಟ ಹೆಸರು 'ಮಹಾ ಪೂರ್ವ ಏಷ್ಯಾ ಸಹ-ಸಮೃದ್ಧಿ ವಲಯ'. ಜಪಾನಿನ ಪ್ರೇಕ್ಷಕರಿಗೆ ಈ ಹೋಲಿಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ ಪಡಿಯಚ್ಚುಗಳಲ್ಲೇ ರಾಜಕೀಯವಾಗಿ ಅತ್ಯಂತ ಹರಿತವಾದವನು ಇವನೇ. ನಾಯಕ ಸತ್ತರೂ ಅವನ ಕಟೌಟ್‌ಗೆ ಬೇಡಿಕೆ ಇರುತ್ತದೆ, ಬೇಡಿಕೆ ಇದ್ದಲ್ಲಿ ತಯಾರಿಸುವವರೂ ಇರುತ್ತಾರೆ.

ಮುಖವಾಡವಿಲ್ಲದ ವಾರಸುದಾರರೂ ಇದ್ದಾರೆ. ತೊಮಿನೊ ಅವರದೇ ಕಾದಂಬರಿ ಆಧರಿಸಿದ 'ಹಾಥವೇ' (2021) ಸಿನಿಮಾದಲ್ಲಿ, 1988ರ ಸಿನಿಮಾದಲ್ಲಿ ಕ್ವೆಸ್‌ಳನ್ನು ಕಳೆದುಕೊಂಡ ಹುಡುಗ ಬೆಳೆದು ಸಶಸ್ತ್ರ ಬಂಡಾಯದ ಗುಪ್ತ ನಾಯಕನಾಗಿದ್ದಾನೆ. ಬೇಡಿಕೆ ಮತ್ತೆ ಅದೇ: ಎಲ್ಲರೂ ಭೂಮಿ ಬಿಡಬೇಕು.

ಹಿಂದಕ್ಕೆ ಹೋಗಿ ನೋಡಿದರೆ

ಯಾಸುಹಿಕೊ 2001ರಿಂದ 2011ರವರೆಗೆ ಮೊದಲ ಸರಣಿಯನ್ನು 'ದಿ ಆರಿಜಿನ್' ಹೆಸರಿನಲ್ಲಿ ಮಾಂಗಾ ಆಗಿ ಮತ್ತೆ ಬರೆದರು. ಅದರ ಒಂದು ಭಾಗ, ಶಾರ್‌ನ ಬಾಲ್ಯ ಮತ್ತು ಯೌವನ, 2015ರಿಂದ 2018ರವರೆಗೆ ಆರು ಕಂತಿನ ಅನಿಮೇಷನ್ ಆಯಿತು. ಅಲ್ಲಿ ಗೊತ್ತಾಗುವ ಸಂಗತಿ ಅಭಿಮಾನಿಗಳ ಬಾಯಿ ಕಟ್ಟಿಸುವಂಥದ್ದು. ಶಾರ್ ಅಜ್ನಬಲ್ ಅನ್ನುವ ಹುಡುಗ ನಿಜಕ್ಕೂ ಒಬ್ಬನಿದ್ದ. ನೋಡಲು ಕಾಸ್ವಾಲ್‌ನ ಹಾಗೇ ಇದ್ದ, ಸೇನಾ ಶಾಲೆ ಸೇರುವ ಕನಸಿನಲ್ಲಿದ್ದ ಸಾಮಾನ್ಯ ಹುಡುಗ. ತನ್ನನ್ನು ಕೊಲ್ಲಲು ಜಾಬಿಗಳು ಕಾದಿದ್ದಾರೆ ಅಂತ ಗೊತ್ತಿದ್ದೇ ಕಾಸ್ವಾಲ್ ಅವನನ್ನು ತನ್ನ ಜಾಗದಲ್ಲಿ ವಿಮಾನ ಹತ್ತಿಸುತ್ತಾನೆ. ಅದು ಸ್ಫೋಟಗೊಳ್ಳುತ್ತದೆ. ಸತ್ತವನ ಹೆಸರು, ಸೀಟು, ಭವಿಷ್ಯ ಎಲ್ಲ ಇವನದಾಗುತ್ತದೆ.

ಅಂದರೆ ನಾವು ಇಷ್ಟು ವರ್ಷ ಅಭಿಮಾನದಿಂದ ಕೂಗಿದ ಹೆಸರೇ ಅವನ ಮೊದಲ ಬಲಿಯದ್ದು. ಈ ಕಥೆಯಲ್ಲಿ ಆ ಹುಡುಗನಿಗೆ ಅಭಿಮಾನಿಗಳಿಲ್ಲ, ಪ್ಲಾಸ್ಟಿಕ್ ಮಾಡೆಲ್ ಇಲ್ಲ.

ಕೊನೆಯದಾಗಿ 2025ರ 'ಜೀಕ್ವಾಕ್ಸ್'. ನಿರ್ದೇಶನ ಕಜುಯಾ ತ್ಸುರುಮಾಕಿ, 12 ಕಂತು. ಅದು ಕೇಳುವ ಪ್ರಶ್ನೆ ಸರಳ: ಮೊದಲ ಕಂತಿನಲ್ಲೇ ಬಿಳಿ ಗಂಡಮ್ ಆಮುರೋ ಬದಲು ಶಾರ್ ಕೈಗೆ ಸಿಕ್ಕಿದ್ದರೆ? ಅವನು ಅದಕ್ಕೆ ಕೆಂಪು ಬಣ್ಣ ಬಳಿಯುತ್ತಾನೆ. ಜಿಯಾನ್ ಯುದ್ಧ ಗೆಲ್ಲುತ್ತದೆ. ಗೆದ್ದ ಜಿಯಾನ್‌ನಲ್ಲಿ ಡೈಕುನ್ ಕಂಡ ಕನಸು ನನಸಾಗಿದೆಯಾ ಅಂದರೆ, ಇಲ್ಲ. ವಸಾಹತಿನಲ್ಲಿ ನಿರಾಶ್ರಿತರು ಹಾಗೇ ಇದ್ದಾರೆ, ಪೊಲೀಸರ ದೌರ್ಜನ್ಯ ಹಾಗೇ ಇದೆ, ಜಾಬಿ ಮನೆತನದ ಒಳಜಗಳವೂ ಹಾಗೇ ಇದೆ.

ಹಾಗಾದರೆ ಅವನು ಯಾಕಿಷ್ಟು ಇಷ್ಟ?

ಮಾರುಕಟ್ಟೆ ಈ ಪ್ರಶ್ನೆಗೆ ತನ್ನ ಉತ್ತರ ಯಾವಾಗಲೋ ಕೊಟ್ಟಿದೆ. ಶಾರ್ ಬ್ರ್ಯಾಂಡ್‌ನಿಂದ ದುಡ್ಡು ಬರುತ್ತದೆ. 2013ರಲ್ಲಿ ಟೊಯೋಟ ಕಂಪನಿ ತನ್ನ ಆರಿಸ್ ಕಾರಿನ ಶಾರ್ ಆವೃತ್ತಿಯನ್ನೇ ಜಪಾನಿನಲ್ಲಿ ಮಾರಿತು, ಕೆಂಪು ಬಣ್ಣದ್ದು. ಎಚ್ಚರಿಕೆಗಾಗಿ ಕಟ್ಟಿದ ಪಾತ್ರ ಶೋರೂಮ್‌ನಲ್ಲಿ ನಿಂತಿತು.

ನನ್ನ ಉತ್ತರ ಬೇರೆ. ಅವನ ದೂರು ನಿಜ, ಅದಕ್ಕೇ ಅವನು ಇಷ್ಟವಾಗುತ್ತಾನೆ. ವಸಾಹತಿನವರಿಗೆ ಅನ್ಯಾಯ ಆಗಿದೆ. ಒಕ್ಕೂಟ ಭ್ರಷ್ಟ. ಭೂಮಿ ದಣಿದಿದೆ. ಸುಳ್ಳು ಹೇಳುವ ಖಳನನ್ನು ಗುರುತಿಸುವುದು ಸುಲಭ, ಗಿರೆನ್‌ನ ಭಾಷಣಕ್ಕೆ ಯಾವ ಹಾಸ್ಟೆಲ್ ಹುಡುಗನೂ ಮರುಳಾಗುವುದಿಲ್ಲ. ಶಾರ್ ಕಷ್ಟ, ಯಾಕಂದ್ರೆ ಅವನ ವಾಕ್ಯಗಳಿಗೆ ನಾವು ತಲೆಯಾಡಿಸುತ್ತಿರುವಾಗಲೇ ಅವನ ಕೈ ಬಂಡೆಯ ಮೇಲಿರುತ್ತದೆ. ರಾಜಕೀಯದಲ್ಲಿ ಆಸಕ್ತಿ ಇರುವ, ಅನ್ಯಾಯ ಕಂಡರೆ ಸಿಟ್ಟು ಬರುವ ನಮ್ಮಂಥವರಿಗೇ ಅವನು ಹೆಚ್ಚು ಅಪಾಯಕಾರಿ.

ಹಾಗಂತ ಸಿಟ್ಟು ಬಿಡಿ, ಸುಮ್ಮನಿರಿ ಅನ್ನೋದು ಈ ಸರಣಿಯ ಪಾಠ ಅಲ್ಲ. ಡಕಾರ್ ಭಾಷಣವನ್ನು ಕಥೆ ಗೆಲುವು ಅಂತಲೇ ತೋರಿಸುತ್ತದೆ. ನಾನೀಗ ಯಾವ ನಾಯಕನ ಮಾತು ಕೇಳುವಾಗಲೂ, ಒಪ್ಪಿಗೆಯಾದ ಮಾತಾಗಿದ್ದರೆ ಇನ್ನೂ ಜಾಸ್ತಿ, ಮೂರು ವಿಷಯ ನೋಡುತ್ತೇನೆ. ಯಾರ ಹೆಸರಲ್ಲಿ ಮಾತಾಡುತ್ತಿದ್ದಾನೋ ಅವರನ್ನು ಖಾಸಗಿಯಾಗಿ ಏನಂತ ಕರೆಯುತ್ತಾನೆ? ಅವನನ್ನು ನಂಬಿ ಹತ್ತಿರ ಬಂದ ಚಿಕ್ಕವರು ಎಲ್ಲಿಗೆ ತಲುಪುತ್ತಾರೆ? ಅವನ ಯೋಜನೆ ಗೆದ್ದರೆ ಕೆಳಗೆ ನಿಂತವರು ಯಾರು? ಲಾಲಾ, ಕ್ವೆಸ್, ಲಾಸಾ. ಶಾರ್ ಮೂರರಲ್ಲೂ ಫೇಲು.

ನೋಡಬೇಕು ಅನ್ನಿಸಿದವರಿಗೆ ನನ್ನ ಸಲಹೆ: 1981–82ರ ಮೂರು ಸಿನಿಮಾ, ಆಮೇಲೆ ಜೀಟಾ, ಆಮೇಲೆ 1988ರ ಸಿನಿಮಾ. ಆರಿಜಿನ್ ಕೊನೆಗಿರಲಿ. ಮೊದಲೇ ನೋಡಿದರೆ ಆ ಹೆಸರಿನ ಭಾರ ಗೊತ್ತಾಗುವುದಿಲ್ಲ.

ಜೀಕ್ವಾಕ್ಸ್ ಬಂದಾಗ ಹಾಸ್ಟೆಲ್‌ನ ಅದೇ ಗೆಳೆಯ ಕೆಂಪು ಗಂಡಮ್‌ನ ಚಿತ್ರ ವಾಟ್ಸಾಪ್ ಮಾಡಿದ್ದ. ಕೆಳಗೆ ಹಳೇ ಪ್ರಶ್ನೆ: "ಈಗ ಹೇಳಪ್ಪಾ, ಹೀರೋನಾ, ವಿಲನ್ನಾ?" ಈ ಸಲ ಟೈಪ್ ಮಾಡೋಕೆ ಸ್ವಲ್ಪ ಹೊತ್ತು ಹಿಡೀತು.

"ವಿಲನ್ ಕಣೋ. ಆದ್ರೆ ಅವ್ನು ಕೊಟ್ಟ ಕಂಪ್ಲೇಂಟ್ ಇನ್ನೂ ಪೆಂಡಿಂಗ್ ಇದೆ."